ಸಿರಿವಂತ ಜನನಾಯಕರಿಗೆ ಬಡವರ ಲೆಕ್ಕ ತಿಳಿದೀತೆ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ದೇವಾಲಯದ ಮಾಡು ಸೋರತೊಡಗಿತ್ತು. ಮಳೆಗಾಲಕ್ಕೆ ಮುನ್ನ ಹೆಂಚು ಬದಲಾಯಿಸುವುದು ಅನಿವಾರ್ಯವಾಯಿತು. ಪಾಲನಾ ಮಂಡಳಿಯವರೊಡನೆ ಚರ್ಚಿಸಿ, ಪ್ರತಿ ಕುಟುಂಬವೂ ಐನೂರು ರೂಪಾಯಿ ನೀಡಬೇಕೆಂದು ನಿಶ್ಚಯಿಸಿದೆವು. ಯಾರಿಗೂ ಭಾರವಾಗದ ಮೊತ್ತವೆಂದೇ ನಮ್ಮ ಭಾವನೆ. ಜೂನ್ ತಿಂಗಳ ಮೊದಲ ಭಾನುವಾರದೊಳಗೆ ಹಣ ತಲಪಿಸಬೇಕೆಂದು ಬಲಿಪೂಜೆಯ ಕೊನೆಯಲ್ಲಿ ಪ್ರಕಟಿಸಿದೆವು.

ಅದೇ ಸಂಜೆ, ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ತಾಯಿಯೊಬ್ಬರು ನಮ್ಮ ಕಚೇರಿಯ ಬಾಗಿಲಲ್ಲಿ ಬಂದು ನಿಂತರು. "ಫಾದರ್, ಕೊಡುವುದಿಲ್ಲ ಎನ್ನಲು ಬಂದದ್ದಲ್ಲ. ಐನೂರು ಹೆಚ್ಚಾಯಿತೆಂದೂ ಹೇಳುವುದಿಲ್ಲ. ಮೊದಲ ಭಾನುವಾರ ಬೇಡ, ಹನ್ನೆರಡನೇ ತಾರೀಕಿಗೆ ಕೊಟ್ಟರೆ ಆದೀತೇ?" ಎಂದು ಕೇಳಿದರು. ಕಾರಣ ವಿಚಾರಿಸಿದಾಗ ಬೆರಳು ಮಡಿಸುತ್ತಾ ಲೆಕ್ಕ ಒಪ್ಪಿಸಿದರು. ಶಾಲೆ ತೆರೆಯುವ ವಾರ. ಮಕ್ಕಳಿಬ್ಬರಿಗೂ ಪುಸ್ತಕ, ಕೊಡೆ ಆಗಬೇಕು. ಮಂಗಳವಾರ ಸಂಘದ ಕಂತು. ಮಳೆ ಹಿಡಿದರೆ ಗಾರೆ ಕೆಲಸದ ಗಂಡನಿಗೆ ಕೂಲಿ ಇಲ್ಲ. ತಮ್ಮ ಸಂಬಳ ಕೈಗೆ ಬರುವುದು ಹತ್ತನೇ ತಾರೀಕಿಗೆ. "ಅದಕ್ಕೂ ಮೊದಲು ಕೊಡಬೇಕೆಂದರೆ ಸಾಲ ಮಾಡಬೇಕು, ಫಾದರ್" ಎಂದರು.

ನಾವು ಲಜ್ಜಿತರಾದೆವು. ಎಷ್ಟು ಎಂಬುದನ್ನು ನಾವು ಬಹಳವಾಗಿ ಯೋಚಿಸಿದ್ದೆವು. ಎಂದು ಎಂಬುದನ್ನು ಯೋಚಿಸಿರಲೇ ಇಲ್ಲ. ನಮ್ಮ ಊಟ, ವಸತಿಗಳ ಹೊಣೆ ಧರ್ಮಕೇಂದ್ರದ್ದು. ತಿಂಗಳ ಕೊನೆಯ ವಾರವೆಂದರೆ ನಮಗೆ ಕ್ಯಾಲೆಂಡರಿನ ಒಂದು ಸಾಲು ಮಾತ್ರ. ಭಕ್ತಾದಿಗಳ ಮಧ್ಯದಲ್ಲೇ ಬಾಳುವ ನಮಗೇ ಇದು ತಿಳಿಯದಿದ್ದರೆ, ಕೋಟಿಗಳ ಒಡೆಯರಾದ ನಮ್ಮ ಜನಪ್ರತಿನಿಧಿಗಳಿಗೆ ತಿಳಿದೀತೆ? ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತಿದೆ.

ಪ್ರಶ್ನೆ ಕಾಲ್ಪನಿಕವಾದುದಲ್ಲ. ಅಭ್ಯರ್ಥಿಗಳು ತಮ್ಮ ಆಸ್ತಿ, ಸಾಲಗಳನ್ನು ಮತದಾರರ ಮುಂದೆ ಇಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಮೇ 2ರಂದು ತೀರ್ಪಿತ್ತಿತು. ಆ ಬಳಿಕ ಸಲ್ಲಿಕೆಯಾದ ಪ್ರಮಾಣಪತ್ರಗಳನ್ನು ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘವು ಪ್ರತಿ ಚುನಾವಣೆಯ ನಂತರ ಲೆಕ್ಕಹಾಕುತ್ತಾ ಬಂದಿದೆ. ಆ ಲೆಕ್ಕದಂತೆ, 2009ರಲ್ಲಿ ಆಯ್ಕೆಯಾದ ಲೋಕಸಭಾ ಸದಸ್ಯರಲ್ಲಿ 315 ಮಂದಿ ಕೋಟ್ಯಧೀಶರು. 2024ರಲ್ಲಿ ಗೆದ್ದ 543 ಮಂದಿಯಲ್ಲಿ ಕೋಟ್ಯಧೀಶರು 504. ನಮ್ಮ ರಾಜ್ಯದಲ್ಲಿ 2023ರಲ್ಲಿ ಗೆದ್ದವರ ಪೈಕಿ ಪರಿಶೀಲಿಸಲಾದ 223 ಶಾಸಕರಲ್ಲಿ 217 ಮಂದಿ ಕೋಟಿ ಮೀರಿದವರು. ಇಂದು ಪಟ್ಟಣದಲ್ಲೊಂದು ಮನೆ, ಊರಿನಲ್ಲೊಂದು ತೋಟ ಇದ್ದರೂ ಕೋಟಿಯ ಲೆಕ್ಕ ಮುಟ್ಟುತ್ತದೆ ಎಂಬುದು ನಿಜ. ಆದರೂ ದಿನಗೂಲಿಯ ಮನೆಯಿಂದ ಶಾಸನಸಭೆಗೆ ಹೋಗುವ ದಾರಿ ಎಷ್ಟು ಕಿರಿದಾಗಿದೆಯೆಂಬುದನ್ನು ಈ ಅಂಕಿಗಳು ಮರೆಮಾಚುವುದಿಲ್ಲ.

ಈ ಕುರಿತು ಜನರಲ್ಲಿ ಎರಡು ಅಭಿಪ್ರಾಯಗಳಿವೆ. ಹೊಟ್ಟೆ ತುಂಬಿದವನಿಗೆ ಹಸಿದವನ ಸಂಕಟ ತಿಳಿಯದು ಎಂಬುದು ಮೊದಲನೆಯದು. ವೈದ್ಯನಿಗೆ ಕ್ಷಯರೋಗ ಬಂದಿರದಿದ್ದರೂ ಆತ ಕ್ಷಯವನ್ನು ಗುಣಪಡಿಸಬಲ್ಲ. ಅಂತೆಯೇ, ತಿಳಿವಳಿಕೆಯುಳ್ಳ ಶ್ರೀಮಂತ ಬಡವರಿಗೆ ಒಳ್ಳೆಯ ಕಾನೂನು ಮಾಡಬಲ್ಲ ಎಂಬುದು ಎರಡನೆಯದು. ಎರಡರಲ್ಲೂ ಸತ್ಯಾಂಶವಿದೆ. ಅರಿವಿಗೆ ಎರಡು ದಾರಿಗಳಿವೆಯೆಂದು ಸಂತ ಥಾಮಸ್ ಅಕ್ವಿನಾಸರು ವಿವರಿಸುತ್ತಾರೆ. ನೀತಿಶಾಸ್ತ್ರವನ್ನು ಓದಿದವನು ಶುದ್ಧತೆಯ ವಿಷಯದಲ್ಲಿ ತರ್ಕದಿಂದ ತೀರ್ಮಾನಿಸುತ್ತಾನೆ. ಶುದ್ಧ ಜೀವನವನ್ನು ನಡೆಸುವವನು ಓದದಿದ್ದರೂ ಅದರೊಂದಿಗಿನ ಒಡನಾಟದಿಂದಲೇ ಸರಿಯಾಗಿ ತೀರ್ಮಾನಿಸುತ್ತಾನೆ. ಬಡತನದ ವಿಷಯಕ್ಕೂ ಇದು ಅನ್ವಯವಾಗುತ್ತದೆ. ಅಂಕಿಸಂಖ್ಯೆಗಳನ್ನು ಓದಿ ತಿಳಿಯಬಹುದು. ಆದರೆ ಓದಿನಿಂದ ಸಿಗುವುದು ಬಹುಮಟ್ಟಿಗೆ ಮೊತ್ತದ ಅರಿವು; ದಿನದ ಅರಿವು ಒಡನಾಟದಿಂದಲೇ ಬರಬೇಕು.

ನಮ್ಮ ಸಂಸತ್ತಿನ ಚರಿತ್ರೆಯಲ್ಲಿಯೇ ಇದಕ್ಕೆ ನಿದರ್ಶನವಿದೆ. 1963ರಲ್ಲಿ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದ ಡಾ. ರಾಮಮನೋಹರ ಲೋಹಿಯಾ ಅವರು, ದೇಶದ ಇಪ್ಪತ್ತೇಳು ಕೋಟಿ ಜನರು ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಗಾಗಿ ಮಾತ್ರ ದಿನಕ್ಕೆ ಇಪ್ಪತ್ತೈದು ಸಾವಿರ ರೂಪಾಯಿ ವೆಚ್ಚವಾಗುತ್ತಿದೆ ಎಂದು ಗುಡುಗಿದರು. ಅಲಹಾಬಾದಿನ ಸಿರಿವಂತ ವಕೀಲರ ಮಗನಾಗಿ ಬೆಳೆದ ಪಂಡಿತ ನೆಹರೂ ಅವರು, ಮೂರಲ್ಲ, ಹದಿನೈದಾಣೆ ಎಂದು ಉತ್ತರಿಸಿದರು. ಆ ವಾದ ದೇಶದ ಕಣ್ಣು ತೆರೆಸಿತು. ಆದರೂ ಇಬ್ಬರೂ ಹೇಳಿದ್ದು ಸರಾಸರಿಯನ್ನೇ. 2011ರ ಸೆಪ್ಟೆಂಬರಿನಲ್ಲಿ ಯೋಜನಾ ಆಯೋಗವು ಬಡತನದ ರೇಖೆಯನ್ನು ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿ ಎಂದು ಸರ್ವೋಚ್ಚ ನ್ಯಾಯಾಲಯಕ್ಕೆ ತಿಳಿಸಿದಾಗಲೂ ಜನ ಸಿಡಿದೆದ್ದರು. ಅಂದೂ ಜಗಳ ಮೊತ್ತದ ಮೇಲೆಯೇ. ಸರಾಸರಿಗೆ ತಾರೀಕುಗಳಿಲ್ಲ. ಬಡವನ ಮನೆಯಲ್ಲಾದರೋ ಪ್ರತಿ ರೂಪಾಯಿಗೂ ಒಂದು ತಾರೀಕಿದೆ. ಇಂದು ನೂರು ಬಂದು ನಾಳೆ ಏನೂ ಬಾರದಿದ್ದರೆ, ದಿನಕ್ಕೆ ಐವತ್ತು ಬಂತೆಂದು ಯಾವ ತಾಯಿಯೂ ನೆಮ್ಮದಿಯಿಂದ ಒಲೆ ಹಚ್ಚಲಾರಳು.

ಸಿರಿವಂತನ ಹಣ ಕೆರೆಯ ನೀರಿನಂತೆ, ಬೇಕೆಂದಾಗ ಮೊಗೆಯಬಹುದು. ಬಡವನದು ಒರತೆ, ಒಸರಿದಷ್ಟೇ, ಒಸರಿದಾಗಲೇ. ಕೆರೆಯಿದ್ದವನಿಗೆ ನಾಲ್ಕು ದಿನ ತಡವಾದರೆ ನಷ್ಟವಿಲ್ಲ. ಒರತೆಯವನಿಗೆ ಆ ನಾಲ್ಕು ದಿನಗಳೇ ಸಾಲ, ಆ ಸಾಲಕ್ಕೆ ಬಡ್ಡಿ, ಆ ಬಡ್ಡಿಗೆ ಇನ್ನೊಂದು ಸಾಲ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯನ್ನು ನೋಡೋಣ. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ. ಕೋಟ್ಯಧೀಶರೇ ತುಂಬಿರುವ ಶಾಸನಸಭೆಯೊಂದು ಇದಕ್ಕೆ ಹಣ ಒದಗಿಸಿತೆಂಬುದನ್ನು ಮರೆಯಬಾರದು. ಸಿರಿತನವು ಮನಸ್ಸನ್ನು ಪೂರ್ತಿ ಮುಚ್ಚುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೆ ನಂತರದ ವರ್ಷಗಳಲ್ಲಿ ಕಂತುಗಳು ತಿಂಗಳುಗಟ್ಟಲೆ ತಡವಾದದ್ದನ್ನೂ, ಕೆಲವೊಮ್ಮೆ ಬಾಕಿಯೆಲ್ಲ ಒಟ್ಟಿಗೆ ಬಂದದ್ದನ್ನೂ ನಾಡು ಕಂಡಿತು. ಮೂರು ತಿಂಗಳ ಬಾಕಿಯನ್ನು ಒಮ್ಮೆಗೇ ಕೊಟ್ಟರೆ ಖಜಾನೆಯ ಪುಸ್ತಕದಲ್ಲಿ ಲೆಕ್ಕ ಸರಿಹೋಗುತ್ತದೆ. ಅಕ್ಕಿ ಅಂಗಡಿಯ ಕಡದ ಪುಸ್ತಕದಲ್ಲಿ ಅದು ಸರಿಹೋಗುವುದಿಲ್ಲ.

ಕಿರುಸಾಲದ ಕಥೆಯೂ ಇದೇ. ಸಾಲದ ಕಂತಿನ ದಿನ ಖಚಿತ. ಕೂಲಿ ಸಿಗುವ ದಿನ ಅನಿಶ್ಚಿತ. ಈ ಎರಡು ದಿನಗಳ ನಡುವಿನ ಅಂತರದಲ್ಲಿ ಎಷ್ಟೋ ಕುಟುಂಬಗಳು ಮುಳುಗಿವೆ. ವಸೂಲಿಗಾರರ ಕಿರುಕುಳ ಮಿತಿಮೀರಿ, ಜನ ಮನೆಗೆ ಬೀಗ ಹಾಕಿ ಊರು ಬಿಡುವಂತಾದಾಗ, ಕರ್ನಾಟಕ ಸರ್ಕಾರವು 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿಯವರೆಗಿನ ದಂಡವನ್ನು ವಿಧಿಸಿತು. ಅಗತ್ಯವಾದ ಕ್ರಮವೇ ಸರಿ. ಆದರೆ ಅದು ಬಂದದ್ದು ಹಲವು ಜೀವಗಳು ಹೋದ ಮೇಲೆ.

ಹಾಗಾದರೆ ದಿನದ ಬೆಲೆಯನ್ನು ಅರಿತ ಶಾಸನಕರ್ತರು ಇಲ್ಲವೇ? ಇದ್ದಾರೆ. ಕೂಲಿಯಾಳಿನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನವೇ ಕೊಟ್ಟುಬಿಡಬೇಕೆಂದು ಮೋಶೆಯ ಧರ್ಮಶಾಸ್ತ್ರ ವಿಧಿಸಿತು. ಆತ ಬಡವನಾದುದರಿಂದ ಅದನ್ನೇ ಎದುರುನೋಡುತ್ತಿರುತ್ತಾನೆಂಬ ಕಾರಣವನ್ನೂ ಅದು ನೀಡುತ್ತದೆ. ಇಷ್ಟು ಸೂಕ್ಷ್ಮವಾದ ನಿಯಮವನ್ನು ಜನರ ಮುಂದಿಟ್ಟ ಮೋಶೆ ಬೆಳೆದದ್ದೆಲ್ಲಿ? ಫರೋಹನ ಅರಮನೆಯಲ್ಲಿ. ಆದರೆ ಆತ ಅರಮನೆಯಿಂದ ಹೊರಗೆ ಹೋಗಿ ತನ್ನವರ ಬಿಟ್ಟಿದುಡಿಮೆಯನ್ನು ಕಣ್ಣಾರೆ ಕಂಡ. ಬಳಿಕ ಪರದೇಶದಲ್ಲಿ ಮಾವನ ಕುರಿ ಕಾದ. ಶುಭಸಂದೇಶದ ಐಶ್ವರ್ಯವಂತನಾದರೋ ತನ್ನ ಹೆಬ್ಬಾಗಿಲಲ್ಲಿ ಬಿದ್ದಿದ್ದ ಲಾಜರನ ಹೆಸರನ್ನು ಬಲ್ಲವನಾಗಿದ್ದ. ಸತ್ತ ಮೇಲೆ ಆ ಹೆಸರನ್ನೇ ಕರೆಯುತ್ತಾನೆ. ಅವನಲ್ಲಿ ಮಾಹಿತಿಗೆ ಕೊರತೆಯಿರಲಿಲ್ಲ. ಹೆಬ್ಬಾಗಿಲನ್ನು ದಾಟಿ ಹೊರಗೆ ಬರಲಿಲ್ಲ, ಅಷ್ಟೇ.

ಆಧುನಿಕ ಕಾನೂನುಗಳಲ್ಲಿಯೂ ಈ ಅರಿವಿನ ಕುರುಹುಗಳಿವೆ. ಸಾವಿರಕ್ಕಿಂತ ಕಡಿಮೆ ಕಾರ್ಮಿಕರಿದ್ದಲ್ಲಿ ಏಳನೆಯ ದಿನದೊಳಗೆ, ಉಳಿದೆಡೆ ಹತ್ತನೆಯ ದಿನದೊಳಗೆ ಸಂಬಳ ಕೊಡಬೇಕೆಂದು 1936ರ ವೇತನ ಪಾವತಿ ಕಾಯಿದೆ ವಿಧಿಸಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಹದಿನೈದು ದಿನಗಳೊಳಗೆ ಕೂಲಿ, ತಡವಾದರೆ ಪರಿಹಾರ ಎಂದು ಬರೆದಿಟ್ಟಿತು. ಅದು ಎಲ್ಲೆಡೆ ಪಾಲನೆಯಾಗಲಿಲ್ಲವೆಂಬುದು ಬೇರೆ ಮಾತು.

ನಮ್ಮ ಕರಾವಳಿಯ ಹಿರಿಯರಿಗೆ ಇನ್ನೊಂದು ನೆನಪಿದ್ದೀತು. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿ ಒಕ್ಕಲುಗಳು ತಾಲ್ಲೂಕಿನ ಭೂನ್ಯಾಯಮಂಡಳಿಯ ಮುಂದೆ ತಾವೇ ನಿಂತು ಮಾತನಾಡಿದರು; ವಕೀಲರಿಗೆ ಆರಂಭದಲ್ಲಿ ಅಲ್ಲಿ ಪ್ರವೇಶವಿರಲಿಲ್ಲ. ಓದು ಬಾರದ ಒಕ್ಕಲುಗಳು ಅರ್ಜಿ ಸಲ್ಲಿಸಲು ತಡಮಾಡಿದಾಗ, ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 1979ರ ಜೂನ್ 30ರವರೆಗೆ ಅವಕಾಶ ಕೊಡಲಾಯಿತು. ನಮ್ಮಲ್ಲಿ ಎಷ್ಟೋ ಕ್ರೈಸ್ತ ಕುಟುಂಬಗಳು ಇಂದು ಸ್ವಂತ ನೆಲದಲ್ಲಿ ನಿಂತಿರುವುದು ಹಾಗೆ. ಬಡವನ ಮಾತನ್ನು ಅವನ ಬಾಯಿಂದಲೇ ಕೇಳಿ, ಅವನಿಗೆ ಬೇಕಾದಷ್ಟು ಸಮಯ ಕೊಟ್ಟ ಅಪರೂಪದ ಸಂದರ್ಭವದು.

ಆದ್ದರಿಂದ ನಮ್ಮ ಉತ್ತರ ಇಷ್ಟು. ಸಿರಿವಂತ ಜನನಾಯಕನಿಗೆ ಬಡವರ ಕಷ್ಟ ತಿಳಿಯಲಾರದೆಂಬುದು ಸರಿಯಲ್ಲ. ತಾನಾಗಿಯೇ ತಿಳಿದೀತೆಂಬುದೂ ಸರಿಯಲ್ಲ. ಆತ ಬಾಗಿಲು ದಾಟಿ ಹೊರಗೆ ಬರಬೇಕು, ಬಾರದಿದ್ದರೆ ನಾವು ಬರಿಸಬೇಕು. ಮತ ಕೇಳಲು ಬಂದವರನ್ನು, ಎಷ್ಟು ಕೊಡುವಿರಿ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಇನ್ನು ಮುಂದೆ, ಯಾವ ತಾರೀಕಿಗೆ ಕೊಡುವಿರಿ, ತಪ್ಪಿದರೆ ಯಾರನ್ನು ಕೇಳಬೇಕು ಎಂದೂ ಕೇಳೋಣ. ಬಡತನದಲ್ಲಿ ಹುಟ್ಟಿದ ಅಭ್ಯರ್ಥಿಯನ್ನೂ ಇದೇ ಪ್ರಶ್ನೆ ಕೇಳಬೇಕು. ಅಧಿಕಾರದ ಕುರ್ಚಿಯಲ್ಲಿ ಕುಳಿತು ಹಳೆಯ ಹಸಿವನ್ನು ಮರೆತವರು ಕಡಿಮೆಯೇನಿಲ್ಲ.

ಅದಕ್ಕೂ ಮೊದಲು ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ಮನೆಗೆಲಸದಾಕೆಗೆ, ಚಿಲ್ಲರೆ ಇಲ್ಲ, ಸೋಮವಾರ ಬಾ ಎಂದು ಹೇಳಿ ಕಳುಹಿಸುವಾಗ, ತೆಂಗಿನಕಾಯಿ ಕೀಳುವವನ ಕೂಲಿಯನ್ನು ಮುಂದಿನ ಸಲ ಸೇರಿಸಿ ಕೊಡೋಣವೆಂದುಕೊಳ್ಳುವಾಗ, ಅವರ ಪಾಲಿಗೆ ನಾವೂ ಕೆರೆಯ ಒಡೆಯರೇ. ಕೊಡಬೇಕಾದದ್ದನ್ನು ಕೊಡುವುದರಿಂದ ಮಾತ್ರ ನ್ಯಾಯ ಪೂರ್ಣವಾಗುವುದಿಲ್ಲ. ಕೊಡಬೇಕಾದ ದಿನ ಕೊಡಬೇಕು.

ಆ ತಾಯಿ ಜೂನ್ ಹನ್ನೆರಡರಂದು ಸುರಿಯುವ ಮಳೆಯಲ್ಲಿ ಬಂದು ಐನೂರು ರೂಪಾಯಿ ಎಣಿಸಿಕೊಟ್ಟು ರಸೀದಿ ಪಡೆದರು. ಅಂದಿನಿಂದ ನಮ್ಮ ಧರ್ಮಕೇಂದ್ರದಲ್ಲಿ ಯಾವುದೇ ವಂತಿಗೆಗೆ ಒಂದೇ ದಿನವನ್ನು ಗೊತ್ತುಪಡಿಸುವುದಿಲ್ಲ. ಪ್ರತಿ ಕುಟುಂಬವೂ ತನಗೆ ಅನುಕೂಲವಾದ ತಾರೀಕನ್ನು ತಾನೇ ಬರೆಸುತ್ತದೆ. ಇದುವರೆಗೆ ಯಾವ ವಂತಿಗೆಯೂ ಬಾಕಿ ಉಳಿದಿಲ್ಲ.