ಹುಳುವಿನಿಂದ ಕಲಿತ ಗರಗಸ

ಕಾಫಿಯ ಕೊಯಿಲು ಮುಗಿದು ಮುಂಗಾರು ಇನ್ನೂ ದೂರವಿರುವ ದಿನಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಸಾಲಿನಲ್ಲಿ ಸಂಚರಿಸುವವನ ಕಿವಿಗೆ ಒಂದು ಸದ್ದು ಆಗಾಗ ಬೀಳುವುದು. ಕಣಿವೆಯ ಒಂದು ಮಗ್ಗುಲಲ್ಲಿ ಗುರುಗುಟ್ಟುತ್ತ ಆರಂಭವಾಗಿ, ಒಮ್ಮೆಲೇ ಕರ್ಕಶವಾಗಿ ಏರಿ, ಕ್ಷಣಕಾಲ ತಗ್ಗಿ, ಮತ್ತೆ ಏರುವುದು. ಕೊನೆಗೆ ನಾರುಗಳು ಲಟಲಟನೆ ಮುರಿದು, ಮರವೊಂದು ನೆಲಕ್ಕುರುಳಿದ ಶಬ್ದ. ಹಿಂದೆ ಇಬ್ಬರು ಆಳುಗಳು ಉದ್ದ ಗರಗಸದ ಎರಡು ತುದಿಗಳನ್ನು ಹಿಡಿದು ಗಂಟೆಗಟ್ಟಲೆ ಎಳೆದಾಡಿ ಮಾಡುತ್ತಿದ್ದ ಕೆಲಸವನ್ನು ಇಂದು ಒಬ್ಬನೇ ಕೆಲವು ನಿಮಿಷಗಳಲ್ಲಿ ಮುಗಿಸುವನು. ತೋಟಗಳಲ್ಲಿ ‘ಮರ ಕೊಯ್ಯುವ ಮೆಷಿನ್’ ಎನ್ನಿಸಿಕೊಳ್ಳುವ ಈ ಉಪಕರಣವೇ ಸರಪಳಿ ಗರಗಸ ಅಥವಾ ಚೈನ್‌ಸಾ.

ಈ ಗರಗಸದ ಹಲ್ಲಿನ ಆಕಾರವನ್ನು ಮನುಷ್ಯನಿಗೆ ಕಲಿಸಿದುದು ಮರ ಕೊರೆಯುವ ಒಂದು ಹುಳು ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆ ಹುಳುವಿನ ಬಂಧುವೊಂದು ಕಾಫಿ ಬೆಳೆಗಾರನ ಪರಮಶತ್ರುವೆಂಬುದು ಇನ್ನೂ ವಿಚಿತ್ರ. ಗರಗಸಕ್ಕೂ ಆ ಶತ್ರುವಿಗೂ ನಮ್ಮ ತೋಟಗಳಲ್ಲಿ ಯಾವ ಬಗೆಯ ನಂಟು ಬೆಳೆದಿದೆಯೆಂಬುದನ್ನು ಈಗ ನೋಡೋಣ.

ಮೂಳೆಯಿಂದ ಮರಕ್ಕೆ

ಹಲ್ಲುಗಳುಳ್ಳ ಸರಪಳಿಯನ್ನು ತಿರುಗಿಸಿ ಕೊಯ್ಯುವ ಉಪಾಯ ಮೊದಲು ಹುಟ್ಟಿದುದು ಕಾಡಿನಲ್ಲಲ್ಲ, ವೈದ್ಯರ ನಡುವೆ. ಜರ್ಮನಿಯ ಬರ್ನಾರ್ಡ್ ಹೈನ್ ಎಂಬಾತನು 1830ರ ಸುಮಾರಿಗೆ ಮೂಳೆಯನ್ನು ಕತ್ತರಿಸಲು ಕೈಯಿಂದ ತಿರುಗಿಸುವ ಇಂತಹ ಚಿಕ್ಕ ಉಪಕರಣವೊಂದನ್ನು ರಚಿಸಿದನು. ಮರ ಕೊಯ್ಯುವ ಯಂತ್ರವಾಗಿ ಅದೇ ತತ್ತ್ವ ಬಳಕೆಗೆ ಬರಲು ಸುಮಾರು ನೂರು ವರ್ಷಗಳು ಹಿಡಿದುವು. ಅದೇ ದೇಶದ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದಲೂ 1929ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಸರಪಳಿ ಗರಗಸಗಳನ್ನು ಹೊರತಂದನು. ಪೆಟ್ರೋಲಿನದು 46 ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ಹಿಡಿಯಲು ಇಬ್ಬರು ಬೇಕಾಗಿತ್ತು.

ಆ ಕಾಲದ ಸರಪಳಿಯ ಹಲ್ಲುಗಳು ಕೈಗರಗಸದ ಹಲ್ಲುಗಳ ಅನುಕರಣೆಯಾಗಿದ್ದುವು. ಅವು ಮರವನ್ನು ಗೀರುತ್ತಿದ್ದುವೇ ಹೊರತು ಸಲೀಸಾಗಿ ಕೆತ್ತುತ್ತಿರಲಿಲ್ಲ, ಬೇಗನೆ ಮೊಂಡಾಗುತ್ತಿದ್ದುವು. 1946ರಲ್ಲಿ ಅಮೆರಿಕದ ಆರಿಗನ್ ಪ್ರಾಂತದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು ಸೌದೆ ಒಡೆಯುತ್ತಿದ್ದಾಗ, ಕೊರಡೊಂದರಲ್ಲಿ ದಪ್ಪನೆಯ ಹುಳುವೊಂದನ್ನು ಕಂಡನು. ಅದು ಉದ್ದ ಮೀಸೆಯ ದುಂಬಿಯೊಂದರ ಮರಿ. ಮರದ ನಾರು ಯಾವ ದಿಕ್ಕಿಗಿದ್ದರೂ ಅದಕ್ಕೆ ಲೆಕ್ಕವಿಲ್ಲ. ತನ್ನ ಎರಡು ಬಾಗಿದ ದವಡೆಗಳಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಚ್ಚುತ್ತ ಅದು ಸರಾಗವಾಗಿ ಮುಂದುವರಿಯುತ್ತಿತ್ತು. ಈ ದವಡೆಯ ಮಾದರಿಯಲ್ಲಿಯೇ ಕಾಕ್ಸ್ ಉಕ್ಕಿನ ಹಲ್ಲುಗಳನ್ನು ಮಾಡಿದನು. 1947ರಿಂದ ಮಾರಾಟವಾದ ಆ ಸರಪಳಿಯ ವಂಶಜವೇ ಇಂದಿನ ಗರಗಸಗಳ ಮೇಲೆಲ್ಲ ಓಡುತ್ತಿದೆ.

ಯಂತ್ರದ ಒಳಗು

ಸರಪಳಿಯನ್ನು ಹತ್ತಿರದಿಂದ ನೋಡಿದರೆ, ಒಂದು ಹಲ್ಲು ಎಡಕ್ಕೂ ಮುಂದಿನದು ಬಲಕ್ಕೂ ಬಾಗಿರುವುದು ಕಾಣುವುದು. ಪ್ರತಿಯೊಂದು ಹಲ್ಲೂ ಬಡಗಿಯ ಒಂದು ಚಿಕ್ಕ ಉಳಿಯಂತೆ. ಅದರ ಮುಂದೆ ಸ್ವಲ್ಪ ತಗ್ಗಿನಲ್ಲಿ ಒಂದು ಮೊಳಕೆಯುಂಟು. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ಈ ಮೊಳಕೆ ನಿರ್ಧರಿಸುವುದು. ಎರಡರ ಎತ್ತರಗಳ ಅಂತರ ಸಾಮಾನ್ಯವಾಗಿ 0.65 ಮಿಲಿಮೀಟರಿನಷ್ಟು. ಹರಿತವಾದ ಸರಪಳಿ ಮರದ ಚಕ್ಕೆಗಳನ್ನು ಉದುರಿಸುವುದು. ಮೊಂಡಾದುದು ಹಿಟ್ಟಿನಂತಹ ಪುಡಿಯನ್ನು ಕೊಡುವುದು. ಯಂತ್ರದ ಬುಡದಲ್ಲಿ ಬಿದ್ದಿರುವ ಹೊಟ್ಟನ್ನು ನೋಡಿಯೇ ಅನುಭವಸ್ಥನು ಅರ ಹಿಡಿಯುವ ಕಾಲ ಬಂತೆಂದು ತಿಳಿಯಬಲ್ಲನು.

ಸರಪಳಿಯನ್ನು ಓಡಿಸುವುದು ಎರಡು ಹೊಡೆತದ ಪುಟ್ಟ ಎಂಜಿನು. ಇದರಲ್ಲಿ ಎಣ್ಣೆಗೆ ಪ್ರತ್ಯೇಕ ತೊಟ್ಟಿಯಿಲ್ಲದ ಕಾರಣ ಪೆಟ್ರೋಲಿನಲ್ಲಿಯೇ ಅದನ್ನು ಬೆರೆಸುವರು. ಅನೇಕ ಯಂತ್ರಗಳಿಗೆ 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ. ಯಂತ್ರವನ್ನು ಅಡ್ಡ ಹಿಡಿದರೂ ಓರೆ ಹಿಡಿದರೂ ಇಂಧನ ಹರಿಯುವಂತೆ ಕಾರ್ಬ್ಯುರೇಟರಿನಲ್ಲಿ ಒಂದು ತೆಳು ಪೊರೆಯಿದೆ. ಎಂಜಿನು ನಿಧಾನವಾಗಿ ತಿರುಗುತ್ತಿರುವಾಗ ಸರಪಳಿ ನಿಂತೇ ಇರುವುದು. ವೇಗ ಏರಿದಾಗ ಕೇಂದ್ರಾಪಗಾಮಿ ಬಲದಿಂದ ಕ್ಲಚ್ಚಿನ ತುಂಡುಗಳು ಹೊರಕ್ಕೆ ಸರಿದು ಸರಪಳಿಯನ್ನು ಓಡಿಸುವುವು.

ಒಬ್ಬ ಮನುಷ್ಯನು ದಿನವೆಲ್ಲ ದುಡಿಯುವಾಗ ಕೊಡಬಲ್ಲ ಸಾಮರ್ಥ್ಯ ಸುಮಾರು 75 ವಾಟ್. ಮೂರು ಕಿಲೋವಾಟಿನ ಗರಗಸವೆಂದರೆ 40 ಮಂದಿಯ ಶಕ್ತಿ ಒಬ್ಬನ ಕೈಯಲ್ಲಿದ್ದಂತೆ. ಪೂರ್ಣ ವೇಗದಲ್ಲಿ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರು ಓಡುವುದು. ಅಪಾಯವನ್ನು ಕಂಡು ಕೈಯನ್ನು ಹಿಂದೆಗೆಯಲು ನಮಗೆ ಕಾಲು ಸೆಕೆಂಡು ಬೇಕೆಂದಿಟ್ಟುಕೊಂಡರೆ, ಅಷ್ಟರಲ್ಲಿ 5 ಮೀಟರು ಉದ್ದದ ಹಲ್ಲಿನ ಸಾಲು ಹಾದುಹೋಗಿರುವುದು.

ಎಲ್ಲಕ್ಕಿಂತ ಹೆಚ್ಚಿನ ಭಯ ಅಲಗಿನ ಮೂತಿಯದು. ಮೂತಿಯ ಮೇಲ್ಭಾಗ ಕೊಂಬೆಗೋ ಕೊರಡಿಗೋ ತಗುಲಿದರೆ, ಕಚ್ಚಲಾರದ ಹಲ್ಲಿನ ಮೇಲಿನ ಪ್ರತಿಕ್ರಿಯೆ ಇಡೀ ಗರಗಸವನ್ನು ಹಿಂದಕ್ಕೆ, ಹಿಡಿದವನ ಮುಖದ ಕಡೆಗೆ ಎಸೆಯುವುದು. ಕ್ರಿಯೆಗೆ ಸಮನಾದ ಪ್ರತಿಕ್ರಿಯೆಯುಂಟೆಂಬ ನ್ಯೂಟನ್ನನ ನಿಯಮ ಇಲ್ಲಿ ಪಾಠದ ವಾಕ್ಯವಾಗಿ ಉಳಿಯದು. ಮುಂಗೈಗೆ ತಗುಲುವ ಕಾಪಿನಿಂದ ಸರಪಳಿಯನ್ನು ಒಡನೆಯೇ ನಿಲ್ಲಿಸುವ ಬಿರಿಯನ್ನು ಅಳವಡಿಸಿರುವುದು ಇದಕ್ಕಾಗಿಯೇ. ಯಂತ್ರದ ಸದ್ದೂ ಸಾಮಾನ್ಯವಲ್ಲ. 85 ಡೆಸಿಬೆಲ್ ಸದ್ದನ್ನು 8 ಗಂಟೆ ಸಹಿಸಬಹುದು, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುವುದು ಎಂಬ ಲೆಕ್ಕವನ್ನು ಹಿಡಿದರೆ, ಗರಗಸದ 110 ಡೆಸಿಬೆಲ್ಲಿಗೆ ಬರಿಗಿವಿ ಎರಡು ನಿಮಿಷವೂ ಒಡ್ಡಿಕೊಳ್ಳಲಾಗದು.

ಮರ ಬೀಳುವ ಬಗೆ

ಮರ ಕಡಿಯುವುದರ ಮರ್ಮವಿರುವುದು ಕೊಯ್ಯುವುದರಲ್ಲಲ್ಲ, ಕೊಯ್ಯದೆ ಉಳಿಸುವುದರಲ್ಲಿ. ಮೊದಲು ಮರ ಬೀಳಬೇಕಾದ ಕಡೆಯಲ್ಲಿ, ಬುಡದ ವ್ಯಾಸದ ನಾಲ್ಕನೆಯ ಒಂದು ಪಾಲಿನಷ್ಟು ಆಳಕ್ಕೆ, ಬೆಣೆಯ ಆಕಾರದ ಕಚ್ಚನ್ನು ತೆಗೆಯುವರು. ಬಳಿಕ ಹಿಂಬದಿಯಿಂದ ಕೊಯ್ಯುತ್ತ ಬಂದು, ಕಚ್ಚಿಗೆ ಮುಟ್ಟುವ ಮೊದಲೇ ನಿಲ್ಲಿಸುವರು. ನಡುವೆ ವ್ಯಾಸದ ಹತ್ತನೆಯ ಒಂದು ಪಾಲಿನಷ್ಟು ಅಗಲದ ಪಟ್ಟಿಯೊಂದು ಉಳಿಯುವುದು. ಬಾಗಿಲಿನ ಕೀಲಿನಂತೆ ಈ ಪಟ್ಟಿ ಬಾಗುತ್ತ, ಮರವನ್ನು ನಿಧಾನವಾಗಿ ಗೊತ್ತಾದ ದಿಕ್ಕಿಗೆ ಇಳಿಸುವುದು. ಆತುರದಿಂದ ಇದನ್ನೂ ಕೊಯ್ದುಬಿಟ್ಟರೆ ಮರದ ಮೇಲೆ ಯಾರ ಹತೋಟಿಯೂ ಇರದು.

ಮಲೆನಾಡಿನ ತೋಟದಲ್ಲಿ ಈ ಕೆಲಸ ಬಯಲಿನಲ್ಲಿದ್ದಷ್ಟು ಸುಲಭವಲ್ಲ. ನೆಲ ಇಳಿಜಾರು, ಬಳ್ಳಿಗಳು ಒಂದು ಮರದ ತಲೆಯನ್ನು ಮತ್ತೊಂದಕ್ಕೆ ಹೆಣೆದಿರುವುವು, ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿರುವುದು, ಕೆಳಗೆ ಹತ್ತಾರು ವರ್ಷ ಸಾಕಿದ ಕಾಫಿ ಗಿಡಗಳು. ಆದುದರಿಂದ ಮೊದಲು ಕೊಂಬೆಗಳನ್ನು ಕಡಿದು ಹಗ್ಗದಿಂದ ಇಳಿಸಿ, ಅನಂತರ ಬುಡಕ್ಕೆ ಕೈಹಾಕುವರು. ಏಣಿಯ ಮೇಲೆ ನಿಂತು ಚೈನ್‌ಸಾ ಹಿಡಿಯುವುದಂತೂ ಸಾವಿನೊಡನೆ ಸರಸವೇ ಸರಿ.

ಸಾಗಿಸುವುದು, ಸೀಳುವುದು

ಉರುಳಿದ ಮರವೂ ಸುಮ್ಮನೆ ಬಿದ್ದಿರುವುದಿಲ್ಲ. ಎರಡು ತುದಿಗಳು ಮಾತ್ರ ದಿಬ್ಬಗಳ ಮೇಲೆ ಕುಳಿತಿದ್ದರೆ, ದಿಮ್ಮಿಯ ಮೇಲ್ಮೈ ಅಮುಕಿಕೊಂಡೂ ಕೆಳಮೈ ಹಿಗ್ಗಿಕೊಂಡೂ ಇರುವುವು. ಮೇಲಿನಿಂದಲೇ ಕೊಯ್ಯುತ್ತ ಹೋದರೆ ಗಾಯ ಮುಚ್ಚಿಕೊಂಡು ಅಲಗನ್ನು ಕಚ್ಚಿ ಹಿಡಿಯುವುದು. ಮೇಲೆ ಸ್ವಲ್ಪ ಕೊಯ್ದು, ಉಳಿದುದನ್ನು ಕೆಳಗಿನಿಂದ ಮುಗಿಸುವುದು ಸರಿಯಾದ ಕ್ರಮ. ಇಳಿಜಾರಿನಲ್ಲಿ ಕೆಲಸಗಾರನು ಯಾವಾಗಲೂ ದಿಮ್ಮಿಯ ಮೇಲುಗಡೆಯೇ ನಿಲ್ಲಬೇಕು. ಕಾರಣವನ್ನು ತೂಕವೇ ಹೇಳುವುದು: 50 ಸೆಂಟಿಮೀಟರು ವ್ಯಾಸ, 3 ಮೀಟರು ಉದ್ದದ ದಿಮ್ಮಿಯ ಗಾತ್ರ ಸುಮಾರು 0.59 ಘನಮೀಟರು. ಹಸಿಮರದ ತೂಕ ಘನಮೀಟರಿಗೆ 900 ಕಿಲೋಗ್ರಾಂ ಎಂದು ಹಿಡಿದರೆ, ಅದು 530 ಕಿಲೋಗ್ರಾಂ ಆಯಿತು. ಹಿಂದೆ ಆನೆಯೂ ಎತ್ತುಗಳೂ ಎಳೆಯುತ್ತಿದ್ದ ಈ ಭಾರವನ್ನು ಇಂದು ಟ್ರಾಕ್ಟರು ತೋಟದ ರಸ್ತೆಗೆ ಎಳೆದು ತರುವುದು.

ಇಷ್ಟೆಲ್ಲ ಬಲದ ಯಂತ್ರವಿದ್ದರೂ ಸೌದೆ ಸೀಳಲು ಇಂದಿಗೂ ಕೊಡಲಿ ಮತ್ತು ಬೆಣೆಗಳೇ ಮೇಲು. ಮರವೆಂದರೆ ಉದ್ದುದ್ದವಾಗಿ ಕೂಡಿಸಿದ ನಾರುಗಳ ಕಟ್ಟು. ನಾರನ್ನು ಅಡ್ಡವಾಗಿ ತುಂಡರಿಸಲು ಹೆಚ್ಚು ಬಲ ಬೇಕು. ನಾರುಗಳನ್ನು ಒಂದರಿಂದೊಂದು ಬಿಡಿಸಲು ಅಷ್ಟು ಬೇಡ. ಬೆಣೆಯ ಒಂದು ಪೆಟ್ಟಿಗೆ ಬಿರುಕು ನಾರಿನ ಗುಂಟ ತಾನಾಗಿಯೇ ಓಡುವುದು. ಅಡ್ಡ ಕೊಯ್ತಕ್ಕೆ ಗರಗಸ, ಉದ್ದ ಸೀಳಿಗೆ ಬೆಣೆ: ಇದು ಮರದ ರಚನೆಯೇ ವಿಧಿಸಿದ ನಿಯಮ.

ಸೀಳಿದ ಸೌದೆಯನ್ನು ಮುಂಗಾರಿಗೆ ಮೊದಲೇ ಕೊಟ್ಟಿಗೆಯಲ್ಲಿ ಒಟ್ಟುವ ವಾಡಿಕೆಯೂ ಅರ್ಥವಿಲ್ಲದ್ದಲ್ಲ. ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಣ ಸೌದೆಯ ಒಂದು ಕಿಲೋಗ್ರಾಂ ಸುಮಾರು 18 ಮೆಗಾಜೂಲು ಉಷ್ಣವನ್ನು ಕೊಡುವುದು. ಅರ್ಧ ನೀರಿರುವ ಒಂದು ಕಿಲೋಗ್ರಾಂ ಹಸಿ ಸೌದೆಯಿಂದ ಬರುವುದು 9 ಮೆಗಾಜೂಲು ಮಾತ್ರ. ಅದರಲ್ಲಿಯೂ ಸುಮಾರು 1.3 ಮೆಗಾಜೂಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುವುದು. ಬೆಂಕಿ ತಣ್ಣಗಾಗಿ, ಉರಿಯಬೇಕಾದ ಅನಿಲಗಳು ಉರಿಯದೆ ಹೊಗೆಯಾಗುವುವು. ಜುಲೈ ತಿಂಗಳ ಜಡಿಮಳೆಯಲ್ಲಿ ಬಚ್ಚಲ ಹಂಡೆಯ ನೀರು ಕಾಯುವುದೂ ಕಾಯದಿರುವುದೂ ಮಾರ್ಚಿಯಲ್ಲಿ ಸೀಳಿದ ಸೌದೆಯನ್ನು ಅವಲಂಬಿಸಿದೆ.

ನೆರಳು ಮತ್ತು ಹುಳು

ಈಗ ಮೊದಲು ಹೇಳಿದ ಶತ್ರುವಿನ ವಿಷಯ. ಕಾಫಿಯ ಬಿಳಿ ಕಾಂಡಕೊರಕವೂ ಕಾಕ್ಸನು ಕಂಡ ಹುಳುವಿನಂತೆ ಉದ್ದ ಮೀಸೆಯ ದುಂಬಿಗಳ ಕುಟುಂಬಕ್ಕೇ ಸೇರಿದುದು. ದುಂಬಿ ಏಪ್ರಿಲ್–ಮೇ ತಿಂಗಳಲ್ಲಿಯೂ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹಾರಾಡಿ, ಅರೇಬಿಕ ಕಾಫಿಯ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದು. ಮರಿ ಒಳಹೊಕ್ಕು, ತಿಂಗಳುಗಟ್ಟಲೆ ಕಾಂಡವನ್ನು ಕೊರೆಯುವುದು. ಗಿಡ ಹಳದಿಯಾಗಿ ಬಾಡುವುದು. ಈ ದುಂಬಿಗೆ ಬಿಸಿಲೆಂದರೆ ಪ್ರೀತಿ. ಅದು ಮೊಟ್ಟೆಯಿಡಲು ಆರಿಸಿಕೊಳ್ಳುವುದು ನೆರಳಿಲ್ಲದೆ ಬಿಸಿಲಿಗೆ ಒಡ್ಡಿಕೊಂಡ ಕಾಂಡಗಳನ್ನೇ. 1925ರಲ್ಲಿ ಸ್ಥಾಪಿತವಾಗಿ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿರುವ ಬಾಳೆಹೊನ್ನೂರಿನ ಕೇಂದ್ರವು ಬೆಳೆಗಾರರಿಗೆ ಕೊಡುವ ಸಲಹೆಗಳಲ್ಲಿ ಸರಿಯಾದ ನೆರಳನ್ನು ಕಾಪಾಡುವುದೂ ಒಂದು. ಹುಳು ಹಿಡಿದ ಗಿಡವನ್ನು ದುಂಬಿ ಹಾರುವ ಕಾಲಕ್ಕೆ ಮೊದಲೇ ಕಿತ್ತು ಸುಡಬೇಕು. ಸೌದೆಯೆಂದು ಹಾಗೆಯೇ ಒಟ್ಟಿಟ್ಟರೆ ಆ ರಾಶಿಯಿಂದಲೇ ಹೊಸ ದುಂಬಿಗಳು ಹೊರಡುವುವು.

ಹಾಗೆಂದು ನೆರಳು ಎಷ್ಟಿದ್ದರಷ್ಟು ಒಳ್ಳೆಯದೆಂದಲ್ಲ. ಮಳೆಗಾಲದಲ್ಲಿ ಬೆಳಕೂ ಗಾಳಿಯೂ ಆಡದಿದ್ದರೆ ಕೊಳೆರೋಗ ಬರುವುದು. ಆದುದರಿಂದಲೇ ಮಲೆನಾಡಿನವರು ‘ಮರಗಸಿ’ ಮಾಡುವರು. ಮರವನ್ನು ಉಳಿಸಿ ಕೊಂಬೆಗಳನ್ನು ಮಾತ್ರ ಸವರುವರು. ಇದು ಕತ್ತಿಯ ಕಾಲದ ವಿವೇಕ. ಕೈಯಿಂದ ಒಂದು ಅತ್ತಿಯನ್ನೋ ಬಸರಿಯನ್ನೋ ಉರುಳಿಸಲು ಪಡಬೇಕಾಗಿದ್ದ ಶ್ರಮವೇ, ಉರುಳಿಸಬೇಕೆ ಬೇಡವೆ ಎಂದು ಯೋಚಿಸಲು ಸಮಯವನ್ನೂ ಕೊಡುತ್ತಿತ್ತು. ಯಂತ್ರ ಶ್ರಮದೊಡನೆ ಆ ಸಮಯವನ್ನೂ ಕಳೆದುಬಿಟ್ಟಿದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಬೀಟೆ ಮೊದಲಾದ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕಿನಂತಹ ಕೆಲವಕ್ಕೆ ಮಾತ್ರ ವಿನಾಯಿತಿಯುಂಟು. ನೇರವಾಗಿ, ಬೇಗನೆ ಬೆಳೆದು, ಮೆಣಸಿನ ಬಳ್ಳಿಗೆ ಆಸರೆಯಾಗಿ, ನಾಟಾ ಆಗಿಯೂ ಮಾರಾಟವಾಗುವ ಈ ಮರವನ್ನು ಬೆಳೆಗಾರನು ಮೆಚ್ಚುವುದು ಸಹಜ. ಆದರೆ ಒಂದು ಸಾಲು ಮರಗಳನ್ನು ಒಂದೇ ವರ್ಷದಲ್ಲಿ ಮಾರಿದರೆ, ಅವುಗಳ ಕೆಳಗಿನ ಕಾಫಿ ಒಮ್ಮೆಲೇ ಬಿಸಿಲಿಗೆ ಬೀಳುವುದು. ಅನುಮತಿ ಬೇಡವೆಂದ ಮಾತ್ರಕ್ಕೆ ದುಂಬಿಗೂ ಬರಬೇಡವೆಂದು ಹೇಳಿದಂತಾಗದು! ಸಸಿಗಳನ್ನು ಮೊದಲೇ ನೆಟ್ಟು, ಹಳೆಯ ಮರಗಳನ್ನು ಅಲ್ಲೊಂದು ಇಲ್ಲೊಂದು ತೆಗೆಯುವುದೇ ಜಾಣತನ.

ಒಂದು ಹುಳುವಿನ ದವಡೆಯನ್ನು ನೋಡಿ ಮನುಷ್ಯನು ಮರ ಕೊಯ್ಯುವುದನ್ನು ಕಲಿತನು. ಯಾವ ಮರವನ್ನು ಕೊಯ್ಯಬಾರದೆಂಬುದನ್ನು ಅದೇ ಕುಲದ ಇನ್ನೊಂದು ಹುಳು ಅವನಿಗೆ ಕಲಿಸುತ್ತಿದೆ. ಎರಡನೆಯ ಪಾಠದ ಶುಲ್ಕ ಮಾತ್ರ ಬಹಳ ದುಬಾರಿ. ಅದನ್ನು ತೆರುವುದು ಬಿಸಿಲಿಗೆ ಬಿದ್ದ ಕಾಫಿ ಗಿಡ.