ಬಾಳೆಹಣ್ಣಿನ ಸುಟ್ಟ ಕಡುಬು

ಶ್ರಾವಣ ಮಾಸ ಕಾಲಿಟ್ಟಿತೆಂದರೆ ನಮ್ಮ ಹೊಸಪೇಟೆಯ ಕಡೆಯ ಮನೆಗಳಲ್ಲಿ ಬಾಳೆಹಣ್ಣಿಗೆ ಬರವಿಲ್ಲ. ಮಂಗಳಗೌರಿ, ವರಮಹಾಲಕ್ಷ್ಮಿ, ಗಣೇಶ ಚೌತಿ, ನವರಾತ್ರಿ ಎಂದು ಹಬ್ಬಗಳು ಒಂದರ ಬೆನ್ನಿಗೊಂದು ಬರುತ್ತವೆ. ಉಡಿ ತುಂಬಿದವರ ಮನೆಯಿಂದ ಎರಡು, ಅರಿಸಿನ ಕುಂಕುಮಕ್ಕೆ ಕರೆದವರ ಮನೆಯಿಂದ ಎರಡು, ಗುಡಿಯ ಪ್ರಸಾದವೆಂದು ಒಂದು, ಹೀಗೆ ವಾರ ತುಂಬುವುದರೊಳಗೆ ಬುಟ್ಟಿ ತುಂಬುತ್ತದೆ. ಮಕ್ಕಳು ಮೊದಲ ದಿನ ತಿಂದಾರು, ಎರಡನೆಯ ದಿನ ಒಲ್ಲೆವೆಂದಾರು. ಮೂರನೆಯ ದಿನ ಸಿಪ್ಪೆ ಕಪ್ಪಿಡುತ್ತದೆ. ಸೆರಗೊಡ್ಡಿ ಪಡೆದ ಹಣ್ಣನ್ನು ಎಸೆಯಲು ಮನೆಯೊಡತಿಗೆ ಮನಸ್ಸಾಗದು. ಇಟ್ಟುಕೊಂಡರೆ ಅದು ಉಳಿಯದು. ಹಸುವಿದ್ದ ಕಾಲದಲ್ಲಿ ಅದು ಹಸುವಿಗೆ ಹೋಗುತ್ತಿತ್ತು. ಈಗ ಎಷ್ಟೋ ಬೀದಿಗಳಲ್ಲಿ ಹಸುವಿಲ್ಲ, ಕಸದ ಗಾಡಿ ಇದೆ.

ಕೇಳುಗರೇ, ಹೀಗೆ ಉಳಿದ ಹಣ್ಣಿಗೆ ಮರ್ಯಾದೆಯ ದಾರಿಯೊಂದನ್ನು ತೋರುವ ಒಂದು ಸಿಹಿತಿಂಡಿಯ ವಿಚಾರವನ್ನು ನಾನು ಇಂದು ಹೇಳಬೇಕೆಂದಿದ್ದೇನೆ. ಅದನ್ನು ಬಾಳೆಹಣ್ಣಿನ ಸುಟ್ಟ ಕಡುಬು ಎಂದು ಕರೆಯೋಣ. ಸುಡುವುದೆಂದರೆ ಇಲ್ಲಿ ಕರಕಲು ಮಾಡುವುದಲ್ಲ. ನೀರೂ ಎಣ್ಣೆಯೂ ಇಲ್ಲದ ಒಣ ಶಾಖದಲ್ಲಿ ಬೇಯಿಸುವುದು. ಕಡುಬು ನಮಗೆ ಹೊಸದಲ್ಲ. ಅದನ್ನು ಹಬೆಯಲ್ಲಿ ಬೇಯಿಸಬಲ್ಲೆವು, ಕುದಿಯುವ ನೀರಿನಲ್ಲಿ ಬಿಡಬಲ್ಲೆವು, ಎಣ್ಣೆಯಲ್ಲಿ ಕರಿಯಬಲ್ಲೆವು. ಒಣ ಶಾಖವೊಂದನ್ನು ಮಾತ್ರ ಬೇಕರಿಯವರ ವಿದ್ಯೆಯೆಂದು, ಓವನ್ ಉಳ್ಳವರ ಭಾಗ್ಯವೆಂದು ದೂರವಿಟ್ಟಿದ್ದೇವೆ. ಹಾಗೆ ದೂರವಿಡಲು ಕಾರಣವಿಲ್ಲವೆಂಬುದು ನನ್ನ ವಾದ. ಹಣ್ಣಿನೊಳಗಿನ ನೀರು ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಸಂಗತಿಯನ್ನು ಅರಿತವರು ಯಾವ ಒಲೆಯ ಮೇಲಾದರೂ ಇದನ್ನು ಮಾಡಬಹುದು.

ಮೊದಲು ಒಣ ಶಾಖದ ಮಾತು. 16ನೆಯ ಶತಮಾನದ ಆದಿಭಾಗದಲ್ಲಿ, ಹಂಪಿಯಲ್ಲಿ ಕೃಷ್ಣದೇವರಾಯನು ಆಳುತ್ತಿದ್ದ ಕಾಲದ ಆಸುಪಾಸಿನಲ್ಲಿ, ಕನ್ನಡದ ಜೈನ ಕವಿ 3ನೆಯ ಮಂಗರಸನು ಅಡುಗೆಯನ್ನೇ ವಸ್ತುವಾಗಿಟ್ಟುಕೊಂಡು ‘ಸೂಪಶಾಸ್ತ್ರ’ವೆಂಬ ಪದ್ಯಗ್ರಂಥವನ್ನು ರಚಿಸಿದನು. ಅದರಲ್ಲಿ ಬರುವ ರೊಟ್ಟಿಗಳಲ್ಲಿ ಮುಚ್ಚಳ ರೊಟ್ಟಿಯೂ ಒಂದು. ಎರಡು ತಟ್ಟೆಗಳ ನಡುವೆ ಹಿಟ್ಟನ್ನಿರಿಸಿ, ಕೆಳಗೂ ಕೆಂಡ, ಮೇಲೂ ಕೆಂಡ ಹಾಕಿ ಬೇಯಿಸುವ ರೊಟ್ಟಿ ಅದು. ಓವನ್ ಎಂಬ ಪೆಟ್ಟಿಗೆ ಮಾಡುವ ಕೆಲಸ ಇದಕ್ಕಿಂತ ಬೇರೆಯಲ್ಲ: ಎಲ್ಲ ಕಡೆಯಿಂದ ಒಣ ಬಿಸಿಯನ್ನು ಕೊಡುವುದು, ಆ ಬಿಸಿ ಹೊರಗೆ ಹೋಗದಂತೆ ಮುಚ್ಚಿಡುವುದು. 500 ವರ್ಷಗಳ ಹಿಂದೆ ನಮ್ಮ ಭಾಷೆಯಲ್ಲಿ ಹೆಸರಿದ್ದ ಕ್ರಮವನ್ನು ಪರದೇಶದ್ದೆಂದು ತಿಳಿಯುವುದು ಸರಿಯಲ್ಲ.

ಹಣ್ಣಿನ ಮಾತಂತೂ ಹೇಳಬೇಕಾದುದೇ ಇಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪೇಸ್, ಇಲ್ಲಿಯ ಪೇಟೆಯಲ್ಲಿ ದ್ರಾಕ್ಷಿ, ಕಿತ್ತಳೆ, ನಿಂಬೆ, ದಾಳಿಂಬೆ, ಹಲಸು, ಮಾವುಗಳ ಸಮೃದ್ಧಿಯನ್ನು ಬರೆದಿಟ್ಟಿದ್ದಾನೆ. ಆ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳ ನೀರಿನಲ್ಲಿ ಕಬ್ಬು, ಭತ್ತ, ಬಾಳೆ ಬೆಳೆಯುತ್ತವೆ. ಹಂಪಿಯ ಮಗ್ಗುಲ ಕಮಲಾಪುರದಿಂದ ಕಂಪ್ಲಿಯ ಕಡೆಗೆ ಹೋಗುವಾಗ ದಾರಿಯ ಬದಿಯ ಬಾಳೆದೋಟಗಳನ್ನು ನೀವು ಕಂಡಿರಬಹುದು. ಇಲ್ಲಿ ಒಂದು ತೊಡಕು ಬಿಡಿಸಬೇಕು. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕೆಂಪು ಬಾಳೆಯ ಕಮಲಾಪುರ ಕಲಬುರಗಿ ಜಿಲ್ಲೆಯದು. ನಮ್ಮ ಕಮಲಾಪುರದ ಸುತ್ತಿನದು ಸುಗಂಧಿ ಬಾಳೆ. ಸಿಹಿಯೊಡನೆ ತುಸು ಹುಳಿ ಬೆರೆತ ಈ ಹಣ್ಣು ನಮ್ಮ ಕಡುಬಿಗೆ ಹೇಳಿ ಮಾಡಿಸಿದಂತಿದೆ. ಏಲಕ್ಕಿ ಬಾಳೆಯೂ ಆಗುತ್ತದೆ. ಪಚ್ಚಬಾಳೆ ಬಲು ಮೆತ್ತಗಿರುವುದರಿಂದ ಎರಡನೆಯ ಆಯ್ಕೆ.

ಹಣ್ಣನ್ನು ಹಿಟ್ಟಿನಲ್ಲಿ ಸುತ್ತಿ ಬೇಯಿಸುವ ಕ್ರಮ ಬೇರೆ ನಾಡುಗಳಲ್ಲೂ ಉಂಟು. ಆಸ್ಟ್ರಿಯ, ಬೊಹೀಮಿಯದ ಕಡೆ ಪ್ಲಮ್ ಹಣ್ಣನ್ನೋ ಜರದಾಳು ಹಣ್ಣನ್ನೋ ಹಿಟ್ಟಿನ ಉಂಡೆಯೊಳಗಿಟ್ಟು ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ನಮ್ಮ ಹೂರಣದ ಕಡುಬಿನ ದೂರದ ನಂಟ ಎನ್ನಬಹುದು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲೆಸಿದ ಜರ್ಮನ್ ಮೂಲದ ಒಕ್ಕಲಿನವರು ಇಡೀ ಸೇಬನ್ನು ಹಿಟ್ಟಿನಲ್ಲಿ ಸುತ್ತಿ, ಸಕ್ಕರೆ ದಾಲ್ಚಿನ್ನಿ ಸೇರಿಸಿ, ಸುತ್ತ ಪಾಕ ಸುರಿದು ಒಣ ಶಾಖದಲ್ಲಿ ಬೇಯಿಸುತ್ತಾರೆ. ನಾನು ಹೇಳುವ ಕಡುಬು ಈ ಎರಡನೆಯ ಜಾತಿಯದು. ಸೇಬಿನ ಎಡೆಯಲ್ಲಿ ಸುಗಂಧಿ ಬಾಳೆ, ಸಕ್ಕರೆಯ ಎಡೆಯಲ್ಲಿ ಬೆಲ್ಲ, ದಾಲ್ಚಿನ್ನಿಯ ಎಡೆಯಲ್ಲಿ ಏಲಕ್ಕಿ.

ಇನ್ನು ನೀರಿನ ವಿಚಾರ. ಕಾಯಿಯಾಗಿರುವಾಗ ಬಾಳೆಯಲ್ಲಿ ಗಂಜಿಯ ಅಂಶ ಹೆಚ್ಚು. ಹಣ್ಣಾಗುತ್ತ ಬಂದಂತೆ ಆ ಗಂಜಿ ಸಕ್ಕರೆಯಾಗಿ ಮಾರ್ಪಡುತ್ತದೆ, ತಿರುಳು ಮೆತ್ತಗಾಗುತ್ತದೆ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುವುದರಿಂದ ಒಂದು ಹಣ್ಣು ತನ್ನ ಬಳಿಯ ಹಣ್ಣನ್ನೂ ಮಾಗಿಸುತ್ತದೆ. ಬುಟ್ಟಿಯ ಹಣ್ಣೆಲ್ಲ ಒಟ್ಟಿಗೇ ಕಪ್ಪಿಡುವುದಕ್ಕೆ ಇದೂ ಒಂದು ಕಾರಣ. ಸಿಪ್ಪೆ ಕಪ್ಪಾದ ಮಾತ್ರಕ್ಕೆ ಹಣ್ಣು ಕೆಟ್ಟಿತೆಂದಲ್ಲ. ಬಿಡಿಸಿ ನೋಡಿದಾಗ ತಿರುಳು ಬೆಳ್ಳಗೆ, ಹಿಡಿದರೆ ಮುರಿಯದಷ್ಟು ಗಟ್ಟಿಯಾಗಿ ಇದ್ದು, ಹುಳಿತ ವಾಸನೆ ಇಲ್ಲವಾದರೆ ಅದು ಕಡುಬಿಗೆ ಯೋಗ್ಯ. ತಿರುಳು ನೀರೊಡೆದಿದ್ದರೆ, ಹೆಂಡದ ವಾಸನೆ ಬಂದರೆ ಬಿಟ್ಟುಬಿಡಿ.

ಹಣ್ಣಾದ ಬಾಳೆಯ ತೂಕದಲ್ಲಿ ಮುಕ್ಕಾಲು ಪಾಲು ನೀರು. ಹಬೆಯ ಕಡುಬಿನಲ್ಲಿ ಈ ನೀರು ಸಮಸ್ಯೆಯಲ್ಲ, ಏಕೆಂದರೆ ಸುತ್ತಲೂ ನೀರೇ. ಅಲ್ಲಿಯ ಶಾಖ 100 ಡಿಗ್ರಿಯನ್ನು ದಾಟದು. ಕಡುಬು ಬೆಂದೀತು, ಕೆಂಪೇರದು. ಒಣ ಶಾಖದಲ್ಲಿ ಕಣಕದ ಮೇಲ್ಮೈ ಒಣಗಿ, ಸುಮಾರು 140 ಡಿಗ್ರಿಯನ್ನು ದಾಟಿದ ಮೇಲೆ ಹೊಂಬಣ್ಣವೂ ಘಮವೂ ಹುಟ್ಟುತ್ತವೆ. ಆದರೆ ಒಳಗಿನ ಹಣ್ಣು ನೀರು ಬಿಡುತ್ತಲೇ ಇರುತ್ತದೆ. ಆ ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಅದಕ್ಕೆ ದಾರಿಯಿಲ್ಲದಿದ್ದರೆ ಕಡುಬು ಒಡೆಯುತ್ತದೆ. ಅದು ಕಣಕಕ್ಕೆ ಇಳಿದರೆ ತಳ ಹಸಿಯಾಗಿ ಉಳಿಯುತ್ತದೆ. ಆದ್ದರಿಂದ ಈ ತಿಂಡಿಯಲ್ಲಿ ಮಾಡುವ ಪ್ರತಿಯೊಂದು ಕೆಲಸವೂ ನೀರಿಗೆ ಒಂದು ನೆಲೆ ಕಲ್ಪಿಸುವ ಕೆಲಸವೇ.

8 ಕಡುಬಿಗೆ ಬೇಕಾಗುವ ಸಾಮಗ್ರಿ ಇಷ್ಟು: ಗೋಧಿಹಿಟ್ಟು 250 ಗ್ರಾಂ, ಗಟ್ಟಿ ತುಪ್ಪ 60 ಗ್ರಾಂ, ಚಿಟಿಕೆ ಉಪ್ಪು, ತಣ್ಣೀರು ಸುಮಾರು 100 ಮಿಲಿಲೀಟರ್, ಮಧ್ಯಮ ಗಾತ್ರದ ಬಾಳೆಹಣ್ಣು 4, ಹುರಿಗಡಲೆ, ಎಂದರೆ ನಮ್ಮ ಕಡೆಯ ಪುಠಾಣಿ, ಪುಡಿ ಮಾಡಿದ್ದು 3 ಚಮಚ, ಒಣಕೊಬ್ಬರಿಯ ತುರಿ 3 ಚಮಚ, ಹುರಿದ ಗಸಗಸೆ 1 ಚಮಚ, ಬೆಲ್ಲದ ಪುಡಿ 2 ಚಮಚ, ಏಲಕ್ಕಿ 4. ಪಾಕಕ್ಕೆ ಬೆಲ್ಲ 100 ಗ್ರಾಂ, ನೀರು 150 ಮಿಲಿಲೀಟರ್, ತುಪ್ಪ 1 ಚಮಚ, ಅರ್ಧ ನಿಂಬೆಹಣ್ಣು.

ಹಿಟ್ಟಿಗೆ ಉಪ್ಪು ಸೇರಿಸಿ, ತುಪ್ಪವನ್ನು ಬೆರಳ ತುದಿಯಲ್ಲಿ ತಿಕ್ಕುತ್ತ ಬೆರೆಸಿರಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಒತ್ತಿದರೆ ಉದುರಬೇಕು. ತುಪ್ಪವು ಹಿಟ್ಟಿನ ಕಣಗಳಿಗೆ ಲೇಪವಾಗಿ, ಅವು ನೀರು ಹೀರಿ ಜಿಗುಟಿನ ಎಳೆಗಳಾಗುವುದನ್ನು ತಡೆಯುತ್ತದೆ. ಕಣಕ ಗರಿಯಾಗುವ ಗುಟ್ಟು ಇದೇ. ಬಳಿಕ ತಣ್ಣೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸಿ ಕೂಡಿಸಿರಿ. ಹೋಳಿಗೆಯ ಕಣಕದಂತೆ ನಾದಿ ನಾದಿ ಮೆದು ಮಾಡಕೂಡದು. ನಾದಿದಷ್ಟೂ ಜಿಗುಟು ಹೆಚ್ಚಿ, ಸುಟ್ಟಾಗ ಚರ್ಮದಂತೆ ಬಿಗಿಯುತ್ತದೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಪುಠಾಣಿ ಪುಡಿ, ಕೊಬ್ಬರಿ, ಗಸಗಸೆ, ಬೆಲ್ಲದ ಪುಡಿ, ಏಲಕ್ಕಿಗಳನ್ನು ಬೆರೆಸಿಟ್ಟುಕೊಳ್ಳಿ. ಪುಠಾಣಿಯನ್ನು ರುಚಿಗೆಂದು ಮಾತ್ರ ಹಾಕುವುದಲ್ಲ. ಹಣ್ಣು ಬಿಡುವ ನೀರನ್ನು ಅದೇ ಕುಡಿಯುತ್ತದೆ. ಬಾಳೆಹಣ್ಣನ್ನು ಸುಲಿದು, ನಡುವೆ ಕತ್ತರಿಸಿ ಎರಡು ತುಂಡು ಮಾಡಿರಿ. ಕಿವುಚಬೇಡಿ, ಕಿವುಚಿದ ಹಣ್ಣು ಒಮ್ಮೆಗೇ ನೀರು ಬಿಡುತ್ತದೆ, ಇಡಿಯ ತುಂಡು ಮೆಲ್ಲಗೆ ಬಿಡುತ್ತದೆ. ಕಣಕವನ್ನು 8 ಉಂಡೆ ಮಾಡಿ, ಅಂಗೈ ಅಗಲಕ್ಕಿಂತ ತುಸು ದೊಡ್ಡದಾಗಿ, ನಡುವೆ ದಪ್ಪ, ಅಂಚಿಗೆ ತೆಳುವಾಗಿ ಲಟ್ಟಿಸಿರಿ. ನಡುವೆ ಒಂದು ಚಮಚ ಪುಡಿ ಹರಡಿ, ಅದರ ಮೇಲೆ ಹಣ್ಣಿನ ತುಂಡನ್ನಿಟ್ಟು, ಮೇಲೆ ಚಿಟಿಕೆ ಪುಡಿ ಉದುರಿಸಿ, ಅಂಚನ್ನೆಲ್ಲ ಮೇಲೆತ್ತಿ ಕೂಡಿಸಿ ಒತ್ತಿರಿ. ಕೂಡಿಸಿದ ಭಾಗವನ್ನು ಅಡಿಗೆ ಮಾಡಿ ತುಪ್ಪ ಸವರಿದ ಅಂಚುಳ್ಳ ತಟ್ಟೆಯಲ್ಲಿ ಇಡಿ. ಮೇಲ್ಭಾಗದಲ್ಲಿ ಚಾಕುವಿನಿಂದ ಎರಡು ಸೀಳು ಕೊಡಿ. ಆವಿಯ ಬಾಗಿಲು ಇದು, ಮರೆಯಬಾರದು.

ಒಲೆಯ ವ್ಯವಸ್ಥೆಗೆ ಬರೋಣ. ಮಂಡಕ್ಕಿ ಭಟ್ಟಿಯವರು ಕಾದ ಮರಳಿನಲ್ಲಿ ಅಕ್ಕಿಯನ್ನು ಅರಳಿಸುವುದನ್ನು ಕಂಡಿರುವಿರಿ. ಮರಳು ಶಾಖವನ್ನು ಹಿಡಿದಿಟ್ಟು ಎಲ್ಲೆಡೆಗೂ ಸಮನಾಗಿ ಹಂಚುತ್ತದೆ. ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮರಳನ್ನು ದಪ್ಪ ಕಬ್ಬಿಣದ ಬಾಣಲೆಯಲ್ಲಿ ಒಂದು ಅಂಗುಲ ಹರಡಿ, ಅದರ ಮೇಲೆ ಮೂರು ಕಾಲಿನ ಚಿಕ್ಕ ಸ್ಟ್ಯಾಂಡ್ ಇರಿಸಿ, ಭಾರವಾದ ಮುಚ್ಚಳ ಮುಚ್ಚಿ, ಮಧ್ಯಮ ಉರಿಯಲ್ಲಿ ಕಾಲು ಗಂಟೆ ಕಾಯಿಸಿರಿ. ಮರಳಿಲ್ಲದಿದ್ದರೆ ಕಲ್ಲುಪ್ಪು ಆದೀತು. ಕಾವು ಸರಿಯಾಯಿತೇ ಎಂದು ತಿಳಿಯಲು ಚಿಕ್ಕ ತಟ್ಟೆಯಲ್ಲಿ ಚಿಟಿಕೆ ಹಿಟ್ಟನ್ನು ಒಳಗಿಟ್ಟು ನೋಡಿ: ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿದರೆ ಸರಿ, ಇಟ್ಟೊಡನೆ ಕಪ್ಪಾದರೆ ಉರಿ ತಗ್ಗಿಸಿ. ಪ್ರೆಷರ್ ಕುಕ್ಕರನ್ನು ನೀರಿಲ್ಲದೆ ಬಿಗಿಯಾಗಿ ಮುಚ್ಚಿ ಈ ಕೆಲಸಕ್ಕೆ ಹಚ್ಚುವುದು ಅಪಾಯ. ಕೆಂಡದ ಒಲೆಯುಳ್ಳವರು ಮುಚ್ಚಳದ ಮೇಲೂ ನಾಲ್ಕು ಕೆಂಡ ಹಾಕಿದರೆ ಮಂಗರಸನ ಕ್ರಮವೇ ಆಯಿತು. ಆದರೆ ಅದು ಗಾಳಿಯಾಡುವ ಅಂಗಳದಲ್ಲಿ ಆಗಬೇಕು, ಮುಚ್ಚಿದ ಕೋಣೆಯಲ್ಲಿ ಕೂಡದು. ಓವನ್ ಇದ್ದವರಿಗೆ 180 ಡಿಗ್ರಿ ಸಾಕು.

ತಟ್ಟೆಯನ್ನು ಕಾದ ಬಾಣಲೆಯೊಳಗಿಟ್ಟು ಮುಚ್ಚಿ, ಇಪ್ಪತ್ತು ಇಪ್ಪತ್ತೈದು ನಿಮಿಷ ತೆಗೆಯದಿರಿ. ಬಾಣಲೆ ಚಿಕ್ಕದಾದರೆ ನಾಲ್ಕು ನಾಲ್ಕರಂತೆ ಇಡಿ. ಒತ್ತಾಗಿ ಇಟ್ಟರೆ ಒಂದರ ಆವಿ ಇನ್ನೊಂದನ್ನು ಹಸಿ ಮಾಡುತ್ತದೆ. ಮೇಲಿನಿಂದ ಕೆಂಡವಿಲ್ಲದ ಒಲೆಯಲ್ಲಿ ಕಣಕ ಗಟ್ಟಿಯಾದ ಮೇಲೆ ಒಮ್ಮೆ ಮಗುಚಿ ಹತ್ತು ನಿಮಿಷ ಬಿಟ್ಟರೆ ಎರಡೂ ಮೈ ಕೆಂಪೇರುತ್ತದೆ. ಆಮೇಲೆ ಮತ್ತೆ ಸರಿಯಾಗಿ ತಿರುಗಿಸಿಡಿ. ಈ ನಡುವೆ ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಸೋಸಿ, ತುಪ್ಪ ಹಾಕಿ ಐದು ನಿಮಿಷ ಕುದಿಸಿ, ಇಳಿಸಿದ ಬಳಿಕ ನಿಂಬೆಯ ರಸ ಹಿಂಡಿರಿ. ಈ ಬಿಸಿ ಪಾಕವನ್ನು ಕಡುಬಿನ ನೆತ್ತಿಯ ಮೇಲಲ್ಲ, ಸುತ್ತ ತಟ್ಟೆಗೆ ಸುರಿದು ಮತ್ತೆ ಹತ್ತು ಹನ್ನೆರಡು ನಿಮಿಷ ಮುಚ್ಚಿಡಿ.

ಪಾಕವನ್ನು ಮೊದಲೇ ಏಕೆ ಸುರಿಯಬಾರದು ಎಂದು ಕೇಳಬಹುದು. ಹಸಿ ಕಣಕ ಪಾಕವನ್ನು ಕಂಡೊಡನೆ ಅಂಟಾಗುತ್ತದೆ, ಒಣಗಲು ಅವಕಾಶವೇ ಸಿಗದು. ಒಮ್ಮೆ ಗಟ್ಟಿಯಾದ ಕಣಕವಾದರೋ ಅಡಿಯಿಂದ ಬೇಕಾದಷ್ಟನ್ನೇ ಹೀರುತ್ತದೆ, ನೆತ್ತಿ ಗರಿಯಾಗಿಯೇ ಉಳಿಯುತ್ತದೆ. ಒಂದೇ ಕಡುಬಿನಲ್ಲಿ ಮೇಲೆ ಗರಿ, ಕೆಳಗೆ ಮೃದು, ಒಳಗೆ ಜೇನಿನಂತಾದ ಹಣ್ಣು ಎಂಬ ಮೂರು ರುಚಿ ಹುಟ್ಟುವುದು ಈ ಸಮಯಪಾಲನೆಯಿಂದ. ಇಳಿಸಿದೊಡನೆ ಕಚ್ಚಬೇಡಿ, ಒಳಗಿನ ಹಣ್ಣು ಹೊರಗಿನ ಕಣಕಕ್ಕಿಂತ ಬಹಳ ಹೊತ್ತು ಸುಡುತ್ತಿರುತ್ತದೆ. ಮಕ್ಕಳಿಗೆ ಕಾಲು ಗಂಟೆ ಬಿಟ್ಟು ಮುರಿದು ಕೊಡಿ.

ನೀರಿನ ಲೆಕ್ಕವನ್ನು ತಿಳಿದವರಿಗೆ ಬೇರೆ ಹಣ್ಣೂ ಒಲಿಯುತ್ತದೆ. ರಸ ತುಂಬಿದ ಮಾವಾದರೆ ಪುಠಾಣಿಯನ್ನು ಇಮ್ಮಡಿ ಮಾಡಿ, ಗಟ್ಟಿ ಹೋಳನ್ನೇ ಆರಿಸಿ. ಹಲಸಿನ ತೊಳೆಯನ್ನು ಹೆಚ್ಚಿ ತುಪ್ಪದಲ್ಲಿ ಬಾಡಿಸಿ ನೀರಿಂಗಿಸಿದ ಬಳಿಕ ತುಂಬಿ. ಬಳ್ಳಾರಿ ಸೀಮೆಯ ಅಂಜೂರವನ್ನು ಒಣಗಿದ್ದನ್ನೇ ಬಳಸುವುದಾದರೆ ಪುಠಾಣಿ ಬೇಡವೇ ಬೇಡ, ಬದಲಿಗೆ ಒಂದು ಗಂಟೆ ನೀರಿನಲ್ಲಿ ನೆನೆಹಾಕಬೇಕು. ಸೀತಾಫಲವನ್ನು ಮಾತ್ರ ಒಲೆಗೆ ತರಬೇಡಿ; ಬಿಸಿಗೆ ಅದು ಕಹಿಯಾಗುತ್ತದೆ.

ಇದು ಸಿಹಿತಿಂಡಿ ಎಂಬುದನ್ನು ಮರೆಯಬಾರದು. ಸಕ್ಕರೆ ರೋಗವುಳ್ಳವರಿಗೆ ಬೆಲ್ಲವೂ ಸಕ್ಕರೆಯೇ, ಮಾಗಿದ ಬಾಳೆಯೂ ಸಿಹಿಯೇ. ಉಳಿದವರು ಒಂದೊಂದು ತಿಂದರೆ ಸಾಕು. ಮಾಡಿದ ದಿನವೇ ರುಚಿ ಹೆಚ್ಚು. ಮರುದಿನಕ್ಕೆ ಉಳಿದರೆ ಬರಿಯ ಹೆಂಚಿನ ಮೇಲೆ ಬೆಚ್ಚಗೆ ಮಾಡಿದಾಗ ಗರಿ ಸ್ವಲ್ಪ ಮರಳುತ್ತದೆ. ನಾಲ್ಕು ಹಣ್ಣಿನಿಂದ ಎಂಟು ಜನರ ಎಲೆಗೆ ಒಂದು ಸಿಹಿಯಾಗುತ್ತದೆಂದ ಮೇಲೆ, ಸಿಪ್ಪೆಯ ಬಣ್ಣ ನೋಡಿ ಹಣ್ಣನ್ನು ಹಳಿಯುವ ಮುನ್ನ ಒಮ್ಮೆ ಬಿಡಿಸಿ ನೋಡುವುದು ಲೇಸು.