ಎಪ್ಪತ್ತು ವರ್ಷದ ಮಾತು: ಬಾಬೆಲಿಗೆ ಹೋದ ಒಂದು ಕಾಗದ

ಹೀಬ್ರೂ ಗ್ರಂಥಗಳಲ್ಲಿ ‘ನಿಮ್ಮನ್ನು ಊರಿಗೆ ಮರಳಿ ಕರೆತರುತ್ತೇನೆ’ ಎಂದು ದೇವರು ಕೊಟ್ಟ ಮಾತುಗಳು ಬಹಳ ಉಂಟು. ಧರ್ಮೋಪದೇಶಕಾಂಡದ 30ನೇ ಅಧ್ಯಾಯ, ಯೆಶಾಯನ ಗ್ರಂಥದ ಉತ್ತರಾರ್ಧ, ಯೆಹೆಜ್ಕೇಲನ ಒಣ ಎಲುಬುಗಳ ದರ್ಶನ. ಎಲ್ಲವನ್ನೂ ಹಿಡಿಯಲು ಹೋದರೆ ಯಾವುದೂ ಕೈಗೆ ಸಿಗುವುದಿಲ್ಲ. ಹಾಗಾಗಿ ನಾನು ಇವತ್ತು ಒಂದೇ ಒಂದು ಕಾಗದದ ಬಗ್ಗೆ ಮಾತಾಡ್ತೇನೆ: ಯೆರೆಮೀಯನ ಗ್ರಂಥದ 29ನೇ ಅಧ್ಯಾಯ.

ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರ ಜೆರುಸಲೇಮನ್ನು ಹಿಡಿದು ಅರಸ ಯೆಹೋಯಾಖೀನನನ್ನೂ ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳನ್ನೂ ಬಾಬೆಲಿಗೆ ಒಯ್ದ. ಇದು ಬರೀ ಗ್ರಂಥದ ಮಾತಲ್ಲ. ಬಾಬೆಲಿನಲ್ಲಿ ಸಿಕ್ಕ ಜೇಡಿಮಣ್ಣಿನ ಲೆಕ್ಕಪತ್ರಗಳಲ್ಲಿ ಈ ಅರಸನಿಗೂ ಅವನ ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕ ಇದೆ.

ಆಗ ಹನನ್ಯ ಎಂಬ ಪ್ರವಾದಿ, ಎರಡೇ ವರ್ಷ, ಎಲ್ಲರೂ ವಾಪಸ್ ಬರ್ತಾರೆ ಅಂದ. ಕೇಳಲಿಕ್ಕೆ ಎಷ್ಟು ಹಿತ! ಯೆರೆಮೀಯ ಬರೆದದ್ದು 70 ವರ್ಷ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಸೆರೆ ಒಯ್ದ ಊರಿನ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿ ಎಂಬುದು ಅವನ ಕಾಗದದ ತಾತ್ಪರ್ಯ. ಮೂಲದಲ್ಲಿರುವ ಪದ ‘ಶಾಲೋಮ್’. ನಮ್ಮ ಹಿರಿಯರು ಕಾಗದದ ಮೊದಲ ಸಾಲಲ್ಲೇ ಬರೆಯುತ್ತಿದ್ದ ‘ಕ್ಷೇಮ’ ಅದಕ್ಕೆ ಹತ್ತಿರದ ಮಾತು ಅಂತ ನನಗನಿಸುತ್ತದೆ. ಇಲ್ಲಿ ವೈರಿಯ ಊರಿನ ಕ್ಷೇಮಕ್ಕೇ ಇವರ ಕ್ಷೇಮವನ್ನು ಕಟ್ಟಿಹಾಕಿದ್ದಾನೆ. ಸೆರೆಯಲ್ಲಿದ್ದ ಶೆಮಾಯ ಎಂಬವನಿಗೆ ಇದರಿಂದ ಸಿಟ್ಟು ಬಂದು, ಈ ಹುಚ್ಚನನ್ನು ಯಾಕೆ ಸುಮ್ಮನೆ ಬಿಟ್ಟಿದ್ದೀರಿ ಎಂಬರ್ಥದಲ್ಲಿ ಜೆರುಸಲೇಮಿನ ಯಾಜಕನಿಗೆ ದೂರು ಬರೆದ. ಅವನ ಸಿಟ್ಟು ನನಗೆ ಅರ್ಥವಾಗ್ತದೆ.

ಯಾಕೆಂದರೆ 70 ವರ್ಷ ಅಂದರೆ ಏನು? ಕಾಗದ ಓದಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ಕಾಣುವುದಿಲ್ಲ ಅಂತಲೇ ಅಲ್ವಾ? ಲೆಕ್ಕವೂ ನೆಟ್ಟಗೆ ಕೂರುವುದಿಲ್ಲ. 597ರಿಂದ, ಪಾರಸಿಯ ಸೈರಸ್ ಬಾಬೆಲನ್ನು ಗೆದ್ದ 539ರವರೆಗೆ 58 ವರ್ಷ. ದೇವಾಲಯ ನಾಶವಾದ 586ರಿಂದ ಅದನ್ನು ಮತ್ತೆ ಕಟ್ಟಿ ಮುಗಿಸಿದ 515ರವರೆಗೆ ಎಣಿಸಿದರೆ ಸುಮಾರು 70. ನನ್ನ ಮಟ್ಟಿಗೆ ಅದು ಗಣಿತ ಅಲ್ಲ, ಒಬ್ಬ ಮನುಷ್ಯನ ಪೂರ್ಣಾಯುಸ್ಸು. ಇದೇ ಅಧ್ಯಾಯದ 11ನೇ ವಚನವನ್ನು, ಒಳ್ಳೆಯ ಭವಿಷ್ಯದ ಮಾತು ಅಂತ, ಶುಭಾಶಯ ಪತ್ರಗಳಲ್ಲಿ ಅಚ್ಚು ಹಾಕ್ತಾರೆ. ಅದರ ಹಿಂದಿನ ವಚನದಲ್ಲೇ ಈ 70 ಕೂತಿದೆ ಅನ್ನುವುದನ್ನು ಬಿಟ್ಟುಬಿಡ್ತಾರೆ.

ಇನ್ನೊಂದು ಪದ ‘ಶೂವ್’. ಊರಿಗೆ ಮರಳುವುದಕ್ಕೂ ದೇವರ ಕಡೆ ಮನಸ್ಸು ತಿರುಗಿಸುವುದಕ್ಕೂ ಹೀಬ್ರೂವಿನಲ್ಲಿ ಇದೊಂದೇ ಧಾತು. ಧರ್ಮೋಪದೇಶಕಾಂಡದ ಆ ಅಧ್ಯಾಯ ಪೂರ್ತಿ ಇದರ ಮೇಲೆಯೇ ಸುತ್ತುತ್ತದೆ: ಜನ ತಿರುಗಿದರೆ ದೇವರು ಅವರನ್ನು ತಿರುಗಿ ಕರೆತರುತ್ತಾನೆ. ಕನ್ನಡದ ‘ತಿರುಗು’ ಎರಡೂ ಕೆಲಸವನ್ನು ಆರಾಮಾಗಿ ಮಾಡ್ತದೆ ನೋಡಿ.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ, ನಮ್ಮ ಕಾಸರಗೋಡಿಗೂ ಇದಕ್ಕೂ ಹೋಲಿಕೆ ಉಂಟಾ ಅಂತ. ನಾನು ಹೋಲಿಸುವುದಿಲ್ಲ. ಅವರನ್ನು ಊರು ಬಿಡಿಸಿ ಒಯ್ದರು. ನಾವು ಇದ್ದಲ್ಲೇ ಇದ್ದೆವು, 1956ರಲ್ಲಿ ರಾಜ್ಯದ ಗೆರೆ ಬದಲಾಯಿತು. ಮರಳಲಿಕ್ಕೆ ನಮಗೆ ಬೇರೆ ಊರಿಲ್ಲ.

ಆದರೆ ಮರಳಬಹುದಾಗಿದ್ದವರೂ ಎಲ್ಲರೂ ಮರಳಲಿಲ್ಲ. ಬಾಬೆಲ್ ಸೀಮೆಯಲ್ಲಿ ‘ಆಲ್-ಯಾಹೂದು’, ಅಂದರೆ ಯೆಹೂದದ ಊರು, ಎಂಬ ಹಳ್ಳಿ ಇತ್ತು. ಅದಕ್ಕೆ ಸಂಬಂಧಿಸಿದ ಜೇಡಿಮಣ್ಣಿನ ಪತ್ರಗಳ ಒಂದು ದೊಡ್ಡ ಸಂಗ್ರಹ 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಗೇಣಿ, ಸಾಲ, ಬಾರ್ಲಿ, ಖರ್ಜೂರದ ಲೆಕ್ಕ ಇದೆ. ಅವು ಕ್ರಿ.ಪೂ. 572ರಿಂದ 477ರವರೆಗಿನವು, ಅಂದರೆ ಸೈರಸ್ ಬಂದು ಅರವತ್ತು ವರ್ಷ ಕಳೆದ ಮೇಲೂ ಅಲ್ಲಿ ಜನ ಇದ್ದಾರೆ. ಮನೆ ಕಟ್ಟಿದ್ದಾರೆ, ಕಂದಾಯ ಕೊಡ್ತಿದ್ದಾರೆ, ಮಕ್ಕಳ ಹೆಸರಲ್ಲಿ ಮಾತ್ರ ಯೆಹೂದದ ದೇವರ ಹೆಸರಿನ ತುಂಡನ್ನು ಇನ್ನೂ ಸೇರಿಸಿಡ್ತಿದ್ದಾರೆ.